ಜ್ವರ ಹೋದರೂ ಕಾಮಾಲೆ, ತುರಿಕೆ ಬಿಡುತ್ತಿಲ್ಲವೇ? ಪರೀಕ್ಷೆ, ಮದ್ದು, ಆಸ್ಪತ್ರೆ ಆರಿಸುವ ಬಗೆ

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಯಾರಿಗಾದರೂ ಕಾಮಾಲೆ ಬಂತೆಂದರೆ ಸಲಹೆಗೆ ಬರ ಇಲ್ಲ. ಒಬ್ಬರು ನೆಲನೆಲ್ಲಿ ಅರೆದು ಕೊಡಿ ಎನ್ನುತ್ತಾರೆ. ಇನ್ನೊಬ್ಬರು ಈಗಲೇ ಮಂಗಳೂರಿಗೆ ಹೊರಡಿ ಎನ್ನುತ್ತಾರೆ. ಮೂರನೆಯವರಿಗೆ ಪರಿಯಾರಂ ಮೆಡಿಕಲ್ ಕಾಲೇಜು ಬಿಟ್ಟರೆ ಬೇರೆ ಆಸ್ಪತ್ರೆಯೇ ಇಲ್ಲ. ನಾನು ಪೇಟೆಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು, ಡಾಕ್ಟರ್ ಅಲ್ಲ. ಆದರೆ ಬಂದವರೆಲ್ಲ ರಿಪೋರ್ಟಿನಲ್ಲಿ ಬಿಲಿರುಬಿನ್ (ಕಣ್ಣು, ಮೈ ಹಳದಿ ಮಾಡುವ ಅಂಶ) ಒಂದನ್ನೇ ಹುಡುಕುವುದನ್ನು ದಿನವೂ ನೋಡುತ್ತೇನೆ. "ಅಕ್ಕಾ, ಇಳಿದಿದೆ ಅಲ್ವಾ?" ಎಂದು ಕೇಳಿ, ಹೌದು ಎಂದರೆ ಕೆಳಗಿನ ಸಾಲುಗಳನ್ನು ಓದದೆ ಮಡಚಿ ಇಡುತ್ತಾರೆ.

ಯಾವ ಆಸ್ಪತ್ರೆ ಎಂಬ ಪ್ರಶ್ನೆ ಆಮೇಲೆ ಬರಲಿ. ಪೆಟ್ಟು ಬಿದ್ದಿರುವುದು ಲಿವರಿನ ಜೀವಕೋಶಕ್ಕೋ, ಪಿತ್ತರಸ ಹರಿಯುವ ನಾಳಕ್ಕೋ ಎಂದು ಮೊದಲು ಗೊತ್ತಾಗಬೇಕು. ಮದ್ದು, ಸ್ಕ್ಯಾನ್, ಊರು ಎಲ್ಲ ಅದರ ಮೇಲೆ ನಿಂತಿದೆ.

ಜೀವಕೋಶವೋ, ನಾಳವೋ

ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಹೆಪಟೈಟಿಸ್ ಎ. ಕೆಟ್ಟ ನೀರು, ಮದುವೆ ಮನೆಯ ಐಸ್ ಹಾಕಿದ ಶರಬತ್ತು, ಹೀಗೆ ಬಾಯಿಯಿಂದಲೇ ಒಳಗೆ ಹೋಗುತ್ತದೆ. 2024ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲೂ ಎರ್ನಾಕುಳಂ ಜಿಲ್ಲೆಯ ವೇಂಗೂರಿನಲ್ಲೂ ಇದು ಊರಿಗೆ ಊರೇ ಹಬ್ಬಿತ್ತು. ವೈರಸ್ ಒಳಹೊಕ್ಕು ಸುಮಾರು ನಾಲ್ಕು ವಾರದ ನಂತರ ಕಾಯಿಲೆ ಎದ್ದು ಬರುತ್ತದೆ. ಆಗ ಎಸ್‌ಜಿಪಿಟಿ, ಅಂದರೆ ಲಿವರಿನ ಜೀವಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಕಿಣ್ವ, ಸಾವಿರ ದಾಟುವುದುಂಟು. ಇದು ಜೀವಕೋಶಕ್ಕೆ ಬಿದ್ದ ಪೆಟ್ಟು. ನೋಡಲು ಭಯಂಕರ, ಆದರೆ ಹೆಚ್ಚಿನವರು ಎರಡು ತಿಂಗಳೊಳಗೆ ಪೂರ್ತಿ ಸರಿಹೋಗುತ್ತಾರೆ. ಹೆಪಟೈಟಿಸ್ ಎ ವರ್ಷಗಟ್ಟಲೆ ಉಳಿಯುವ ಕಾಯಿಲೆ ಆಗುವುದಿಲ್ಲ.

ಕೆಲವರಲ್ಲಿ ಮಾತ್ರ ಕತೆ ಮುಂದುವರಿಯುತ್ತದೆ. ಜ್ವರ ಹೋಯಿತು, ಹಸಿವು ಬಂತು, ಎಸ್‌ಜಿಪಿಟಿ ಇಳಿಯಿತು. ಆದರೆ ಕಣ್ಣು ಹಳದಿಯೇ. ರಾತ್ರಿ ಅಂಗೈ, ಅಂಗಾಲು ತುರಿಸಿ ನಿದ್ರೆ ಇಲ್ಲ. ಮೂತ್ರ ಕಡು ಬಣ್ಣ, ಮಲ ಬಿಳಿಚಿದ ಬಣ್ಣ. ಲಿವರಿನೊಳಗೆ ಪಿತ್ತರಸದ ಹರಿವು ನಿಧಾನವಾಗಿ, ಅದು ರಕ್ತಕ್ಕೆ ಸೇರುತ್ತಿರುವ ಲಕ್ಷಣ ಇದು. ಮೂರು ತಿಂಗಳು ದಾಟಿದರೂ ಆಶ್ಚರ್ಯವಿಲ್ಲ. ಸಂಕಟ ಜಾಸ್ತಿ, ಅಪಾಯ ಕಡಿಮೆ. ನಾಳದ ಗೋಡೆಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಇನ್ನು ಕೆಲವರಿಗೆ ಸರಿಹೋಗಿ, ಕೆಲವು ವಾರ ಬಿಟ್ಟು ಮತ್ತೊಮ್ಮೆ ಕಾಮಾಲೆ ಮರುಕಳಿಸುತ್ತದೆ. ಅದೂ ತಾನಾಗಿ ಇಳಿಯುವಂಥದ್ದೇ.

ನಾಳದ ಗೋಡೆಯೇ ಹಾಳಾಗುವುದು ಬೇರೆ ಸಂಗತಿ. ಕೋವಿಡ್ ಬಂದು ಐಸಿಯುವಿನಲ್ಲಿ ವೆಂಟಿಲೇಟರ್ ಮೇಲೆ ಇದ್ದು ಬದುಕಿ ಬಂದ ಕೆಲವರಲ್ಲಿ ಇದನ್ನು ಕಂಡು 2021ರಿಂದ ವೈದ್ಯರು ಬರೆಯತೊಡಗಿದರು. ಮನೆಯಲ್ಲೇ ಎರಡು ದಿನ ಜ್ವರ ಬಂದು ಹೋದವರು ಇದಕ್ಕೆ ಹೆದರಬೇಕಾಗಿಲ್ಲ. ಲಿವರಿನ ಜೀವಕೋಶಕ್ಕೆ ಎರಡು ರಕ್ತನಾಳಗಳಿಂದ ರಕ್ತ ಸಿಗುತ್ತದೆ. ಪಿತ್ತನಾಳಗಳಿಗೆ ಬಹುಮಟ್ಟಿಗೆ ಒಂದರಿಂದಲೇ. ಬಿಪಿ ಬಿದ್ದು ಆಮ್ಲಜನಕ ಸಾಲದೆ ಹೋದ ದಿನಗಳಲ್ಲಿ ನಾಳದ ಒಳಪದರ ಸಾಯುತ್ತದೆ. ಸತ್ತ ಪದರವೂ ಗಟ್ಟಿಯಾದ ಪಿತ್ತವೂ ಸೇರಿ ಅಡಿಕೆ ತೋಟದ ಡ್ರಿಪ್ ಪೈಪಿನಲ್ಲಿ ಕೆಸರು ಕಟ್ಟಿದಂತೆ ಒಳಗೇ ಕಟ್ಟುತ್ತದೆ. ವೈರಸ್ ಹಿಡಿದುಕೊಳ್ಳುವ ಕೊಂಡಿಗಳು ನಾಳದ ಜೀವಕೋಶದ ಮೇಲೂ ಇವೆ. ಹಾಗಾಗಿ ನೇರ ದಾಳಿಯೂ ಸೇರಿರಬಹುದು ಎಂದು ಹೇಳುತ್ತಾರೆ. ಆಸ್ಪತ್ರೆಯಿಂದ ಮನೆಗೆ ಬಂದು ವಾರ, ತಿಂಗಳು ಕಳೆದ ಮೇಲೆ ಎಎಲ್‌ಪಿ (ಪಿತ್ತದ ಹರಿವು ಕೆಟ್ಟಾಗ ರಕ್ತದಲ್ಲಿ ಜಾಸ್ತಿಯಾಗುವ ಕಿಣ್ವ) ಏರುತ್ತಾ ಹೋಗುತ್ತದೆ, ಇಳಿಯುವುದೇ ಇಲ್ಲ.

ನಾಳದಲ್ಲಿ ಸಿಕ್ಕಿಕೊಂಡ ಕಲ್ಲು ನಾಲ್ಕನೆಯದು. ವೈರಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಆದರೆ "ಕಾಮಾಲೆ ಸೀಸನ್" ಎಂದು ಎಲ್ಲರನ್ನೂ ಒಂದೇ ಸಾಲಿಗೆ ಸೇರಿಸಿದಾಗ ತಪ್ಪಿಹೋಗುವುದು ಇದೇ.

ರಿಪೋರ್ಟಿನಲ್ಲಿ ಯಾವ ಸಾಲು ನೋಡಬೇಕು

ಎಸ್‌ಜಿಪಿಟಿಯನ್ನು ಲ್ಯಾಬ್ ಕೊಟ್ಟ ಮೇಲಿನ ಮಿತಿಯಿಂದ ಭಾಗಿಸಿ. ಎಎಲ್‌ಪಿಯನ್ನೂ ಅದರ ಮೇಲಿನ ಮಿತಿಯಿಂದ ಭಾಗಿಸಿ. ಮೊದಲನೆಯ ಉತ್ತರವನ್ನು ಎರಡನೆಯದರಿಂದ ಭಾಗಿಸಿ. 5ಕ್ಕಿಂತ ಜಾಸ್ತಿ ಬಂದರೆ ಪೆಟ್ಟು ಜೀವಕೋಶಕ್ಕೆ. 2ಕ್ಕಿಂತ ಕಡಿಮೆಯಾದರೆ ಪಿತ್ತದ ಹರಿವಿಗೆ. ನಡುವೆ ಇದ್ದರೆ ಎರಡೂ.

ಒಂದು ಉದಾಹರಣೆ. ಎಸ್‌ಜಿಪಿಟಿ 1200, ಮಿತಿ 40. ಎಎಲ್‌ಪಿ 240, ಮಿತಿ 120. 30ನ್ನು 2ರಿಂದ ಭಾಗಿಸಿದರೆ 15. ಇದು ಜೀವಕೋಶದ ಕಾಯಿಲೆ. ಒಂದೂವರೆ ತಿಂಗಳ ನಂತರ ಅದೇ ವ್ಯಕ್ತಿಯ ಎಸ್‌ಜಿಪಿಟಿ 80, ಎಎಲ್‌ಪಿ 360 ಆಯಿತು ಎಂದುಕೊಳ್ಳಿ. 2ನ್ನು 3ರಿಂದ ಭಾಗಿಸಿದರೆ ಒಂದಕ್ಕಿಂತಲೂ ಕಡಿಮೆ. ಈಗ ತೊಂದರೆ ಪಿತ್ತದ ಹರಿವಿನದ್ದು. ಬೆಳೆಯುವ ಮಕ್ಕಳಲ್ಲಿ, ಬಸುರಿಯರಲ್ಲಿ, ಮೂಳೆಯ ತೊಂದರೆ ಇದ್ದವರಲ್ಲಿ ಎಎಲ್‌ಪಿ ಬೇರೆ ಕಾರಣಕ್ಕೂ ಜಾಸ್ತಿ ಇರುತ್ತದೆ. ಆಗ ಜಿಜಿಟಿ ಎಂಬ ಇನ್ನೊಂದು ಕಿಣ್ವದ ಪರೀಕ್ಷೆ ಕೂಡ ಮಾಡಿಸಿದರೆ ಸಂಶಯ ತೀರುತ್ತದೆ. ಈ ಲೆಕ್ಕ ದಿಕ್ಕು ತೋರಿಸಲು ಮಾತ್ರ. ಕಾಯಿಲೆಗೆ ಹೆಸರಿಡುವುದು ಡಾಕ್ಟರ ಕೆಲಸ.

ಇದಕ್ಕಿಂತಲೂ ಮುಖ್ಯವಾದದ್ದು ಪಿಟಿ-ಐಎನ್‌ಆರ್. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂಬ ಪರೀಕ್ಷೆ. ಬರೇ ಎಲ್‌ಎಫ್‌ಟಿ (ಲಿವರಿನ ಮಾಮೂಲಿ ರಕ್ತ ಪರೀಕ್ಷೆ) ಎಂದರೆ ಇದು ಸೇರಿರುವುದಿಲ್ಲ, ಬೇರೆಯಾಗಿ ಕೇಳಬೇಕು. ಎಸ್‌ಜಿಪಿಟಿ ಸರಕ್ಕನೆ ಇಳಿದು, ಬಿಲಿರುಬಿನ್ ಮತ್ತು ಐಎನ್‌ಆರ್ ಏರುತ್ತಿದ್ದರೆ ಖುಷಿಪಡಬೇಡಿ. ಸೋರಿಹೋಗಲು ಜೀವಕೋಶವೇ ಉಳಿದಿಲ್ಲ ಎಂಬ ಅರ್ಥವೂ ಇರಬಹುದು. ಐಎನ್‌ಆರ್ 1.5 ಮುಟ್ಟಿದರೆ ಅದೇ ದಿನ ಡಾಕ್ಟರನ್ನು ಕಾಣಬೇಕು. ಪಿತ್ತರಸ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ಸಾಲದೆಯೂ ಐಎನ್‌ಆರ್ ಏರುತ್ತದೆ. ಆಗ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟರೆ ಅದು ಕೆಳಗೆ ಬರುತ್ತದೆ. ಲಿವರೇ ಸೋತಿದ್ದರೆ ಬರುವುದಿಲ್ಲ. ಒಂದು ಸಣ್ಣ ಇಂಜೆಕ್ಷನ್ನಿನಿಂದ ಎಷ್ಟು ದೊಡ್ಡ ವ್ಯತ್ಯಾಸ ತಿಳಿಯುತ್ತದೆ ನೋಡಿ.

ಯಾವ ವೈರಸ್ ಎಂದು ತಿಳಿಯಲು ಹೆಪಟೈಟಿಸ್ ಎ ಮತ್ತು ಇ ಐಜಿಎಂ (ಹೊಸ ಸೋಂಕು ತೋರಿಸುವ ಪರೀಕ್ಷೆ), ಹೆಪಟೈಟಿಸ್ ಬಿಗೆ ಎಚ್‌ಬಿಎಸ್‌ಎಜಿ, ಸಿಗೆ ಎಚ್‌ಸಿವಿ ಮಾಡಿಸುತ್ತಾರೆ. ಇಲ್ಲಿ ದುಡ್ಡು ಉಳಿಸಬೇಡಿ. ಬಿ ಬಂದರೆ ದಾರಿಯೇ ಬೇರೆ. ಅದು ಉಳಿದುಕೊಳ್ಳುವ ಕಾಯಿಲೆ ಆಗಬಹುದು. ಸಿ ಆದರೆ ಹೆಚ್ಚಿನವರಿಗೆ ಮೂರು ತಿಂಗಳ ಮಾತ್ರೆಯಲ್ಲಿ ಗುಣವಾಗುತ್ತದೆ. ಎರಡಕ್ಕೂ ಪರೀಕ್ಷೆ, ಮದ್ದು ಉಚಿತವಾಗಿ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2018ರಿಂದ ಇದೆ.

ಕಾಯುವುದೋ, ಓಡುವುದೋ

ಹೆಪಟೈಟಿಸ್ ಎಯಲ್ಲಿ ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಬಿಡುತ್ತದೆ. ಊಟ ಸೇರುತ್ತಿದ್ದರೆ, ಮಾತು ಸರಿ ಇದ್ದರೆ, ಐಎನ್‌ಆರ್ ಸರಿ ಇದ್ದರೆ ಮನೆಯಲ್ಲಿ ಇರಬಹುದು. ವಾರಕ್ಕೊಮ್ಮೆ ರಕ್ತ ನೋಡಿಸಿದರೆ ಸಾಕು. ದಿನ ಬಿಟ್ಟು ದಿನ ಮಾಡಿಸಿದರೆ ನಮ್ಮ ಲ್ಯಾಬಿಗೆ ಲಾಭ, ರೋಗಿಗೆ ಏನೂ ಇಲ್ಲ.

ಹಳದಿಯೂ ಜ್ವರವೂ ಒಟ್ಟಿಗೆ ಮುಂದುವರಿದರೆ ಬೇರೆಯೇ ಯೋಚಿಸಬೇಕು. ತೋಟದ ಕೆಸರಿನಲ್ಲಿ, ಗದ್ದೆಯಲ್ಲಿ, ಚರಂಡಿಯಲ್ಲಿ ಕೆಲಸ ಮಾಡಿದವರಿಗೆ ಕಣ್ಣು ಕೆಂಪು, ಮೀನಖಂಡದಲ್ಲಿ ತಡೆಯಲಾಗದ ನೋವು, ಮೂತ್ರ ಕಡಿಮೆ ಎಂದಾದರೆ ಅದು ಇಲಿ ಜ್ವರ ಇರಬಹುದು. ಅದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಬೇಗ ಆ್ಯಂಟಿಬಯೋಟಿಕ್ ಬಿದ್ದರೆ ಬದುಕುವ ಕಾಯಿಲೆ, ಕಾಮಾಲೆ ಮದ್ದು ಎಂದು ಕೂತರೆ ಕಿಡ್ನಿ ಹೋಗುವ ಕಾಯಿಲೆ. ಚಳಿಜ್ವರ, ಬಲ ಪಕ್ಕೆಲುಬಿನ ಕೆಳಗೆ ನೋವು, ಹಳದಿ ಮೂರೂ ಸೇರಿದರೆ ನಾಳದಲ್ಲಿ ಸೋಂಕು ಕೂತಿರಬಹುದು. ಆ ರಾತ್ರಿಯೇ ಹೊರಡಿ.

ಹಗಲು ಮಂಪರು, ರಾತ್ರಿ ಎಚ್ಚರ, ಮಾತು ತೊದಲುವುದು, ಗುರುತು ತಪ್ಪುವುದು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಕಪ್ಪು ಮಲ, ಹೊಟ್ಟೆ ಉಬ್ಬುವುದು. ಇವುಗಳಲ್ಲಿ ಒಂದಿದ್ದರೂ ಕಾಯುವ ಪ್ರಶ್ನೆ ಇಲ್ಲ. ಬಸುರಿಗೆ ಕಾಮಾಲೆ ಬಂದರೆ ಯಾವ ಲಕ್ಷಣಕ್ಕೂ ಕಾಯಬೇಡಿ. ಹೆಪಟೈಟಿಸ್ ಇ ಆಗಿದ್ದರೆ ಕೊನೆಯ ಮೂರು ತಿಂಗಳಲ್ಲಿ ಜೀವಕ್ಕೇ ಅಪಾಯ.

ಎಳೆ ಮಕ್ಕಳದ್ದು ಬೇರೆ ಲೆಕ್ಕ. ಹುಟ್ಟಿ ಎರಡು ವಾರ ಕಳೆದರೂ ಹಳದಿ ಇದ್ದು, ಮಲ ಸುಣ್ಣದ ಹಾಗೆ ಬಿಳಿಚಿದ್ದರೆ ಬೆಳಗಿನ ಬಿಸಿಲಿಗೆ ಹಿಡಿದು ದಿನ ದೂಡಬೇಡಿ. ಪಿತ್ತನಾಳವೇ ಮುಚ್ಚಿಹೋಗುವ ಒಂದು ಕಾಯಿಲೆ ಇದೆ. ಇದಕ್ಕೂ ವೈರಸ್ ಕಿಡಿ ಹಚ್ಚುತ್ತದೆ ಎಂಬ ಗುಮಾನಿ ಹಿಂದಿನಿಂದ ಇದೆ, ಸಾಬೀತಾಗಿಲ್ಲ. ಕಸಾಯಿ ಎಂಬ ಜಪಾನಿ ಸರ್ಜನ್ ರೂಪಿಸಿದ ಆಪರೇಷನ್ 60 ದಿನದೊಳಗೆ ಆದರೆ ಫಲ ಚೆನ್ನಾಗಿ ಸಿಗುತ್ತದೆ. ತಡವಾದಷ್ಟೂ ಲಿವರ್ ಗಟ್ಟಿಯಾಗುತ್ತದೆ. ಬಾಣಂತನ ಮುಗಿಯಲಿ ಎಂದು ಕಾಯುವ ಮನೆಗಳಿವೆ. ಈ ವಿಷಯದಲ್ಲಿ ಅಜ್ಜಿಯ ಮಾತನ್ನೂ ಮೀರಿ.

ಯಾವ ಸ್ಕ್ಯಾನ್

ಮೊದಲು ಅಲ್ಟ್ರಾಸೌಂಡ್. ಖಾಲಿ ಹೊಟ್ಟೆಯಲ್ಲಿ ಹೋಗಿ, ಇಲ್ಲವಾದರೆ ಪಿತ್ತಕೋಶ ಮುದುಡಿಕೊಂಡು ಸರಿ ಕಾಣದು. ಮುಖ್ಯ ನಾಳ ಸುಮಾರು 6 ಮಿಲಿಮೀಟರ್‌ಗಿಂತ ಅಗಲವಾಗಿದೆಯೇ, ಕಲ್ಲು ಇದೆಯೇ ಎಂದು ಇದರಲ್ಲಿ ತಿಳಿಯುತ್ತದೆ. ಪಿತ್ತಕೋಶದ ಗೋಡೆ ದಪ್ಪವಾಗಿದೆ ಎಂದು ಬರೆದಿದ್ದರೆ ಗಾಬರಿಯಾಗಿ ಆಪರೇಷನ್ ಕೇಳಬೇಡಿ. ಹೆಪಟೈಟಿಸ್‌ನಲ್ಲೂ ಡೆಂಗಿಯಲ್ಲೂ ಅದು ದಪ್ಪವಾಗುತ್ತದೆ, ಕಾಯಿಲೆ ಇಳಿದಾಗ ತೆಳುವಾಗುತ್ತದೆ.

ಎಂಆರ್‌ಸಿಪಿ ಎಂದರೆ ಪಿತ್ತನಾಳಕ್ಕಾಗಿಯೇ ಮಾಡುವ ಎಂಆರ್‌ಐ. ಎಕ್ಸ್‌ರೇ ಕಿರಣ ಇಲ್ಲ, ಒಳಗೆ ನಳಿಗೆ ಹಾಕುವುದಿಲ್ಲ. ನಾಳ ಕೆಲವೆಡೆ ಸಪುರ, ಕೆಲವೆಡೆ ಉಬ್ಬಿ ಮಣಿಸರದ ಹಾಗೆ ಕಂಡರೆ ಗೋಡೆಗೆ ಗಾಯವಾಗಿದೆ ಎಂದರ್ಥ. ಇದು ಅಲ್ಟ್ರಾಸೌಂಡಿನಲ್ಲಿ ತಪ್ಪಿಹೋಗುವುದು ಮಾಮೂಲಿ. ಕೋವಿಡ್ ಐಸಿಯುವಿನಿಂದ ಬಂದವರಲ್ಲಿ ಎಎಲ್‌ಪಿ ಏರುತ್ತಿದ್ದರೆ ಅಲ್ಟ್ರಾಸೌಂಡ್ ನಾರ್ಮಲ್ ಎಂದು ಸುಮ್ಮನಾಗಬಾರದು. ಆದರೆ ಐಜಿಎಂ ಪಾಸಿಟಿವ್ ಇರುವ ಮೂರನೇ ವಾರದ ಹೆಪಟೈಟಿಸ್ ಎಗೆ ಎಂಆರ್‌ಸಿಪಿ ಮಾಡಿಸಲು ಓಡುವುದು ದಂಡ. ಪೇಸ್‌ಮೇಕರ್ ಇದ್ದವರು ಮೊದಲೇ ಹೇಳಬೇಕು.

ಹೆಸರು ಹತ್ತಿರ ಇರುವುದರಿಂದ ಇಆರ್‌ಸಿಪಿಯನ್ನೂ ಹಾಗೇ ಒಂದು ಸ್ಕ್ಯಾನ್ ಎಂದು ತಿಳಿಯುತ್ತಾರೆ. ಅದು ಬಾಯಿಯಿಂದ ಕ್ಯಾಮೆರಾ ಇಳಿಸಿ ನಾಳದೊಳಗೆ ಕೈಹಾಕುವ ಚಿಕಿತ್ಸೆ. ಕಲ್ಲು ತೆಗೆಯಲು, ನಾಳ ತೆರೆದಿಡುವ ಕೊಳವೆ (ಸ್ಟೆಂಟ್) ಇಡಲು, ಕಟ್ಟಿದ್ದನ್ನು ಹೊರಗೆಳೆಯಲು ಅದಕ್ಕೆ ಸಾಟಿ ಇಲ್ಲ. ಆದರೆ ಆಮೇಲೆ ಕೆಲವರಿಗೆ ಮೇದೋಜೀರಕ ಗ್ರಂಥಿ ಊದಿಕೊಂಡು ಜೋರು ಹೊಟ್ಟೆನೋವು ಬರುತ್ತದೆ. ಆದ್ದರಿಂದ ಸುಮ್ನೆ ನೋಡಲಿಕ್ಕೆ ಇಆರ್‌ಸಿಪಿ ಎಂದು ಯಾರಾದರೂ ಹೇಳಿದರೆ, ಮೊದಲು ಎಂಆರ್‌ಸಿಪಿ ಆಗದೇ ಎಂದು ಧೈರ್ಯವಾಗಿ ಕೇಳಿ.

ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್‌ನ ಕ್ಯಾಂಪ್ ನಡೆಯುತ್ತಿದೆ ಎಂದು ಕಾಮಾಲೆ ಇರುವಾಗಲೇ ಹೋಗಬೇಡಿ. ಊದಿದ ಲಿವರ್ ಗಟ್ಟಿಯಾದ ಲಿವರಿನ ಹಾಗೆ ಸಂಖ್ಯೆ ತೋರಿಸುತ್ತದೆ. ಕಾಯಿಲೆ ಪೂರ್ತಿ ಇಳಿದ ಮೇಲೆ ನೋಡಿದರಾಯಿತು.

ಮದ್ದು: ಮಾತ್ರೆಯೋ, ಬೇರೋ

ಹೆಪಟೈಟಿಸ್ ಎ ವೈರಸ್ ಕೊಲ್ಲುವ ಮಾತ್ರೆ ಇಲ್ಲ. ತಾನಾಗಿ ಇಳಿಯುವ ಕಾಯಿಲೆಯಲ್ಲಿ ಯಾರು ಏನು ಕೊಟ್ಟರೂ ಕೊಟ್ಟವರಿಗೇ ಹೆಸರು. ನಮ್ಮ ಊರ ಕಾಮಾಲೆ ಮದ್ದಿನ ಕೀರ್ತಿಯಲ್ಲಿ ದೊಡ್ಡ ಪಾಲು ಇದರದ್ದು ಎಂದು ನನ್ನ ಅಭಿಪ್ರಾಯ. ನೆಲನೆಲ್ಲಿಯ ಬಗ್ಗೆ 1988ರಲ್ಲಿ ಮದ್ರಾಸಿನಿಂದ ಬಂದ ಒಂದು ಅಧ್ಯಯನ ಹೆಪಟೈಟಿಸ್ ಬಿಗೆ ಭಾರೀ ಫಲ ತೋರಿಸಿತ್ತು. ಮುಂದೆ ಬೇರೆಯವರು ಮಾಡಿದಾಗ ಆ ಫಲ ಸಿಗಲಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಮನೆಮನೆಯಲ್ಲಿ ಕುದಿಯಿತು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಕುಡಿದು ಲಿವರ್ ಕೆಟ್ಟ ರೋಗಿಗಳ ವಿವರ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಬೇರೆ ಬಳ್ಳಿ ಬೆರೆತಿರಬಹುದು ಎಂದಿತು. ಆ ಜಗಳದಲ್ಲಿ ಯಾರು ಗೆದ್ದರೂ, ಈಗಾಗಲೇ ಪೆಟ್ಟು ತಿಂದ ಲಿವರಿನ ಮೇಲೆ ಹೆಸರು ಗೊತ್ತಿಲ್ಲದ ಬೇರಿನ ರಸ ಹೊಯ್ಯುವುದು ನನಗೆ ಒಪ್ಪಿಗೆ ಇಲ್ಲ. ಕುಡಿದಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಬೈದರೆ ಬೈಯಲಿ. ಕಣ್ಣಿಗೆ ರಸ ಬಿಡುವುದು, ಬರೆ ಹಾಕುವುದು ಮಾತ್ರ ಬೇಡವೇ ಬೇಡ.

ಇಂಗ್ಲಿಷ್ ಮದ್ದೂ ಸಾಧುವಲ್ಲ. ಜ್ವರಕ್ಕೆಂದು ತಿಂದ ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಆಸಿಡ್ ಮಾತ್ರೆ ಪಿತ್ತದ ಹರಿವನ್ನು ಕೆಡಿಸಬಲ್ಲದು, ಅದೂ ಕೋರ್ಸ್ ಮುಗಿದು ಕೆಲವು ವಾರದ ಮೇಲೆ. ವೈರಸ್ ಎಂದುಕೊಂಡದ್ದು ಮಾತ್ರೆಯ ಕೆಲಸ ಇರಬಹುದು. ಹಿಂದಿನ ಮೂರು ತಿಂಗಳ ಚೀಟಿಗಳನ್ನೆಲ್ಲ ತೋರಿಸಬೇಕು ಎನ್ನುವುದು ಇದಕ್ಕೇ.

ತುರಿಕೆಗೆ ಇರುವ ಆಯ್ಕೆಗಳು ಹೀಗೆ. ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಮಾತ್ರೆಯನ್ನು ಎಲ್ಲರೂ ಬರೆಯುತ್ತಾರೆ. ಪಿತ್ತವನ್ನು ಸ್ವಲ್ಪ ತಿಳಿ ಮಾಡುತ್ತದೆ, ತೊಂದರೆ ಕಡಿಮೆ. ಆದರೆ ಗಾಯಗೊಂಡ ನಾಳವನ್ನು ಇದು ಮೊದಲಿನಂತೆ ಮಾಡುತ್ತದೆ ಎಂದು ನಂಬಬೇಡಿ. ಕೊಲೆಸ್ಟಿರಮೈನ್ ಪುಡಿ ಕರುಳಿನಲ್ಲಿ ಪಿತ್ತವನ್ನು ಹಿಡಿದಿಟ್ಟು ಹೊರಹಾಕುತ್ತದೆ. ರುಚಿ ಮರಳು ತಿಂದ ಹಾಗೆ. ಜೊತೆಗೆ ಬೇರೆ ಮಾತ್ರೆ ನುಂಗಿದರೆ ಅವನ್ನೂ ಹಿಡಿದಿಡುತ್ತದೆ, ಅದಕ್ಕೆ ಉಳಿದ ಮಾತ್ರೆಗಳನ್ನು ಒಂದು ಗಂಟೆ ಮೊದಲು ಅಥವಾ ನಾಲ್ಕು ಗಂಟೆ ನಂತರ ತೆಗೆದುಕೊಳ್ಳಬೇಕು. ಇದೂ ನಾಟದಿದ್ದರೆ ರಿಫಾಂಪಿಸಿನ್ ಇದೆ. ಅದೇ ಲಿವರಿಗೆ ತೊಂದರೆ ಕೊಡಬಹುದಾದ್ದರಿಂದ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ. ಅಲರ್ಜಿಯ ಮಾತ್ರೆ ನಿದ್ರೆ ಬರಿಸುತ್ತದೆ, ಈ ತುರಿಕೆಗೆ ಅಷ್ಟಕ್ಕಷ್ಟೇ. ಹೆಪಟೈಟಿಸ್ ಎ ಆಗಿ ತಿಂಗಳುಗಟ್ಟಲೆ ಎಳೆಯುವವರಿಗೆ ಸ್ಟೀರಾಯ್ಡ್ ಕೊಡುವ ವೈದ್ಯರಿದ್ದಾರೆ. ಬಿ ವೈರಸ್ ಇಲ್ಲ ಎಂದು ಖಚಿತವಾಗದೆ ಅದನ್ನು ಮುಟ್ಟಬಾರದು.

ಪಥ್ಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಉಪ್ಪಿಲ್ಲದ ಗಂಜಿಯನ್ನೇ ತಿಂಗಳಿಡೀ ಉಣ್ಣಿಸಿದರೆ ಮನುಷ್ಯ ಸೊರಗುತ್ತಾನೆ ಅಷ್ಟೇ. ಹಿಡಿಸಿದ್ದನ್ನು ತಿನ್ನಲಿ. ಸಾರಾಯಿ ಮಾತ್ರ ಪೂರ್ತಿ ಬಂದ್. ಪ್ಯಾರಾಸಿಟಮಾಲ್ ಎಷ್ಟು ಎಂದು ಕೇಳಿ ತೆಗೆದುಕೊಳ್ಳಿ.

ಯಾವ ದಿಕ್ಕಿಗೆ ಹೊರಡುವುದು

ಮೊದಲ ಹಂತಕ್ಕೆ ಜಿಲ್ಲೆಯೊಳಗೇ ಸಾಕು. ಕಾಸರಗೋಡು ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ, ಮಂಜೇಶ್ವರದವರಿಗೆ ಮಂಗಲ್ಪಾಡಿ. ರಕ್ತ ಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಆಗುವ ತನಕ ದೂರ ಹೋಗಿ ಆಗಬೇಕಾದ್ದೇನೂ ಇಲ್ಲ. ಆ ಕಾಗದಗಳಿಲ್ಲದೆ ಹೋದರೆ ಅಲ್ಲಿಯೂ ಮೊದಲ ದಿನ ಅದನ್ನೇ ಮಾಡಿಸುತ್ತಾರೆ.

ಗ್ಯಾಸ್ಟ್ರೋ ಡಾಕ್ಟರು, ಎಂಆರ್‌ಸಿಪಿ, ಇಆರ್‌ಸಿಪಿ ಬೇಕಾದಾಗ ಚಂದ್ರಗಿರಿ ಹೊಳೆಯ ಬಡಗಿನವರಿಗೆ ಮಂಗಳೂರು ಹತ್ತಿರ. ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರ್. ಕನ್ನಡ, ತುಳು ನಡೆಯುತ್ತದೆ. ತುರಿಕೆ ಹೇಗೆ, ಮಲದ ಬಣ್ಣ ಏನು ಎಂದು ಅಜ್ಜಂದಿರು ತಮ್ಮ ಮಾತಿನಲ್ಲಿ ಹೇಳಲಿಕ್ಕಾಗುವುದು ಸಣ್ಣ ಸಂಗತಿಯಲ್ಲ. ಹೊಳೆಯ ತೆಂಕಿನವರಿಗೆ ಪರಿಯಾರಂನ ಸರ್ಕಾರಿ ಮೆಡಿಕಲ್ ಕಾಲೇಜು ಸಲೀಸು. ಖರ್ಚೂ ಕಡಿಮೆ, ಆದರೆ ಸಾಲು ಉದ್ದ. ಮಲಯಾಳಂ ಬಾರದವರು ಬಲ್ಲವರೊಬ್ಬರನ್ನು ಕರೆದುಕೊಂಡು ಹೋಗಿ.

ಮಂಗಳೂರಿಗೆ ಎನ್ನುವವರು ಕಾರ್ಡಿನ ವಿಷಯ ಮೊದಲು ನೋಡಿ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡಿನಲ್ಲಿ ಒಂದು ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಇದೆ. ಅದು ಗಡಿಯಾಚೆಯ ಆ ಆಸ್ಪತ್ರೆಯಲ್ಲಿ, ಆ ಚಿಕಿತ್ಸೆಗೆ ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲು ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಬೇಕು. ಇನ್ನೊಂದು ಮಾತು. 2020ರ ಮಾರ್ಚಿನಲ್ಲಿ ಕೋವಿಡ್‌ಗೆಂದು ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರಿನಲ್ಲೇ ಫೈಲು ಇದ್ದವರು ಆಂಬ್ಯುಲೆನ್ಸಿನಲ್ಲೇ ಸಿಕ್ಕಿಹಾಕಿಕೊಂಡರು. ಅಂದಿನಿಂದ ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾದವರಿಗೆ ನಾನು ಹೇಳುವುದು: ಎಲ್ಲಿಗೇ ಹೋಗಿ, ರಿಪೋರ್ಟಿನ ಒಂದು ಪ್ರತಿ ಗಡಿಯ ಈಚೆಯ ಡಾಕ್ಟರ ಹತ್ತಿರವೂ ಇರಲಿ.

ಲಿವರ್ ಸೋಲುತ್ತಿದ್ದರೆ, ಅಥವಾ ನಾಳಗಳ ಗಾಯ ಲಿವರನ್ನೇ ಗಟ್ಟಿಯಾಗಿಸುತ್ತಿದ್ದರೆ, ಬೇರೊಬ್ಬರ ಲಿವರ್ ಜೋಡಿಸುವ ಕಸಿಯ ಮಾತು ಬರುತ್ತದೆ. ಕೋವಿಡ್ ನಂತರ ನಾಳ ಹಾಳಾದ ಕೆಲವರಿಗೆ ಕಸಿಯಿಂದಲೇ ಜೀವ ಉಳಿದಿದೆ. ಆಗ ಬೆಂಗಳೂರೋ, ಕೋಝಿಕ್ಕೋಡ್ ಅಥವಾ ಕೊಚ್ಚಿಯೋ ಎಂಬ ಪ್ರಶ್ನೆ. ಮಳೆಗಾಲದಲ್ಲಿ ನಾನು ತೆಂಕಣ ದಿಕ್ಕಿಗೇ ಓಟು ಹಾಕುತ್ತೇನೆ. ಬೆಂಗಳೂರು ದಾರಿಯ ಘಾಟಿಯಲ್ಲಿ ಗುಡ್ಡ ಕುಸಿದರೆ ಮಂಪರಿನಲ್ಲಿರುವ ರೋಗಿಯನ್ನು ಇಟ್ಟುಕೊಂಡು ಏನು ಮಾಡುವುದು? ಕರಾವಳಿ ದಾರಿಯಲ್ಲಿ ಬ್ಲಾಕ್ ಇದ್ದರೂ ನಡುವೆ ನಿಲ್ಲಿಸಲು ಆಸ್ಪತ್ರೆಗಳಿವೆ. ಸರ್ಕಾರಿ ಕಡೆಯಲ್ಲಿ ಕೋಟ್ಟಯಂ ಮೆಡಿಕಲ್ ಕಾಲೇಜಿನಲ್ಲಿ 2022ರ ಫೆಬ್ರವರಿಯಲ್ಲಿ ಲಿವರ್ ಕಸಿ ನಡೆದಿದೆ. ಖಾಸಗಿಯಲ್ಲಿ ಖರ್ಚು ಆ 5 ಲಕ್ಷವನ್ನು ಎಷ್ಟೋ ದಾಟುತ್ತದೆ.

ಮನೆಯವರೇ ಲಿವರಿನ ಭಾಗ ಕೊಡುವುದಾದರೆ ಗಂಡ-ಹೆಂಡತಿ, ತಂದೆ-ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ-ಅಜ್ಜಿ, ಮೊಮ್ಮಕ್ಕಳು ಕಾನೂನಿನಲ್ಲಿ ಹತ್ತಿರದ ಬಂಧುಗಳು. ಅದರಾಚೆಯವರಾದರೆ ಸಮಿತಿಯ ಒಪ್ಪಿಗೆ ಬೇಕು, ಸಮಯ ಹೋಗುತ್ತದೆ. ಸತ್ತವರ ಲಿವರಿಗಾಗಿ ಹೆಸರು ಬರೆಸುವುದಾದರೆ ಕೇರಳದ ಪಟ್ಟಿ ಬೇರೆ, ಕರ್ನಾಟಕದ ಪಟ್ಟಿ ಬೇರೆ. ಹೆಸರು ಬರೆಸಲು ನಿವಾಸ ಪ್ರಮಾಣಪತ್ರ ಕೇಳಬೇಡಿ ಎಂದು ಕೇಂದ್ರ 2023ರಲ್ಲಿ ರಾಜ್ಯಗಳಿಗೆ ತಿಳಿಸಿತು. ಆದರೂ ಹೆಸರು ಬರೆಸಿದ ಮೇಲೆ ಸರದಿಯಲ್ಲಿ ಯಾರಿಗೆ ಮೊದಲು ಕೊಡುತ್ತಾರೆ ಎಂದು ಆ ಆಸ್ಪತ್ರೆಯ ಕಸಿ ಸಂಯೋಜಕರನ್ನೇ ಕೇಳಿ. ಲಿವರ್ ಸಿಕ್ಕಿದೆ ಎಂದು ಫೋನ್ ಬಂದ ಮೇಲೆ ಅಲ್ಲಿಗೆ ತಲುಪಲು ನಿಮ್ಮ ಮನೆಯಿಂದ ಎಷ್ಟು ಗಂಟೆ ಬೇಕು ಎಂಬ ಲೆಕ್ಕವನ್ನೂ ಅವರ ಮುಂದೆಯೇ ಹಾಕಿ.